ನಲವತ್ತರ ನೇಮ

ನಮ್ಮ ಕಾಕಾ ಲಾರಿ ಓಡಿಸುತ್ತಿದ್ದರು ಎಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ಲಾರಿಯನ್ನು ಗಾಳಿ ಸೇವನೆಗೆ ಕರೆದೊಯ್ಯುತ್ತಿದ್ದರು ಎಂದರೆ ಹೆಚ್ಚು ಸರಿ! ಎಂಬತ್ತರ ದಶಕದ ಕೊನೆಯಲ್ಲಿ ದಿಗ್ಗೇವಾಡಿಯಿಂದ ನಿಪ್ಪಾಣಿಯವರೆಗೆ ಅವರ ಲಾರಿಯನ್ನು ಹಿಂದೆ ಹಾಕದ ವಾಹನವೇ ಇರಲಿಲ್ಲ. ಮದುವೆಗೆ ಹೊರಟ ಟ್ರ್ಯಾಕ್ಟರುಗಳು ಹಿಂದೆ ಹಾಕುತ್ತಿದ್ದವು. ಇಳಿಜಾರು ಸಿಕ್ಕರೆ ಸೈಕಲ್ಲಿನ ಹಾಲಿನವನೂ ಹಿಂದೆ ಹಾಕಿ, ನಮಸ್ಕಾರ ಹೇಳಿ ಹೋಗುತ್ತಿದ್ದ. ಕಾಕಾ ಅವನ ಮನೆಯವರ ಆರೋಗ್ಯ ವಿಚಾರಿಸುವಷ್ಟು ಪುರಸೊತ್ತಾಗಿ ಉತ್ತರ ಕೊಡುತ್ತಿದ್ದರು.

ಇದಕ್ಕೆ ಹೆದರಿಕೆ ಕಾರಣವಲ್ಲ, ಎಂಜಿನ್ನೂ ಕಾರಣವಲ್ಲ. ಕಾರಣ ಒಂದು ನೇಮ. ಒಂದು ವರ್ಷ ನಮ್ಮೂರ ಬಸದಿಯಲ್ಲಿ ಮುನಿಮಹಾರಾಜರೊಬ್ಬರು ಚಾತುರ್ಮಾಸಕ್ಕೆ ನಿಂತಿದ್ದರು. ಅವರು ಹೊರಡುವ ದಿನ ಊರವರೆಲ್ಲ ಒಂದೊಂದು ನೇಮ ಹಿಡಿದರು. ಒಬ್ಬರು ಬೀಡಿ ಬಿಟ್ಟರು, ಇನ್ನೊಬ್ಬರು ಇಸ್ಪೀಟು ಬಿಟ್ಟರು. ನಮ್ಮ ಕಾಕಾ ಬೀಡಿ ಸೇದಿದವರಲ್ಲ, ಇಸ್ಪೀಟು ಮುಟ್ಟಿದವರಲ್ಲ. ಬಿಡುವುದಕ್ಕೆ ಒಂದು ಚಟವೂ ಇಲ್ಲದ ಮನುಷ್ಯ ಏನು ಮಾಡಬೇಕು? ಎದ್ದು ನಿಂತು ಕೈಮುಗಿದರು.

“ನಾ ನಲವತ್ತರ ಮ್ಯಾಲೆ ಗಾಡಿ ಓಡಸೂದಿಲ್ರಿ ಮಹಾರಾಜ. ಜೋರ್ ಹೊಡದ್ರ ಗಾಲಿ ಕೆಳಗ ಸಣ್ಣ ಸಣ್ಣ ಜೀವ ಸಿಗತಾವು.”

ಮಹಾರಾಜರು ನಕ್ಕು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಅಲ್ಲಿಗೆ ನಮ್ಮ ಮನೆಯ ಲಾರಿಯ ಯೌವನ ಮುಗಿಯಿತು.

ಆದರೆ ಕಾಕಾಗೆ ತಮ್ಮ ಕಾಲಿನ ಮೇಲೆಯೇ ನಂಬಿಕೆ ಇರಲಿಲ್ಲ. ಖಾಲಿ ರಸ್ತೆ ಕಂಡರೆ ಅದು ತಾನಾಗಿ ಒತ್ತಿಬಿಟ್ಟರೆ? ಡೀಸೆಲ್ ಪಂಪಿನಲ್ಲಿ ಗವರ್ನರ್ ಎಂಬುದೊಂದು ಇರುತ್ತದೆ. ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವುದು ಅದರ ಕೆಲಸ. ಕಾಕಾ ಚಿಕ್ಕೋಡಿಯ ಮಿಸ್ತ್ರಿಯ ಹತ್ತಿರ ಹೋಗಿ ಅದರ ಬೋಲ್ಟ್ ತಿರುಗಿಸಿ, ಟಾಪ್ ಗೇರಿನಲ್ಲಿ ಎಷ್ಟೇ ತುಳಿದರೂ ಮೀಟರಿನ ಮುಳ್ಳು ನಲವತ್ತರಲ್ಲೇ ನಿಲ್ಲುವಂತೆ ಮಾಡಿಸಿ, ಮೇಲೆ ತಂತಿ ಕಟ್ಟಿಸಿ ಸೀಲು ಹಾಕಿಸಿದರು.

“ಮಂದಿ ಗಾಡಿ ಓಡವಲ್ತು ಅಂತ ಬರತಾರ. ನೀವು ಓಡತೈತಿ ಅಂತ ಬಂದೀರಲ್ರಿ ಸಾವಕಾರ,” ಎಂದು ಮಿಸ್ತ್ರಿ ತಲೆ ಕೆರೆದುಕೊಂಡ.

ಅಂದಿನಿಂದ ತವಂದಿ ಘಾಟ್ ಏರುವಾಗ ನಾನು ಲಾರಿಯಿಂದ ಇಳಿದು, ದಾರಿಬದಿಯ ಬಾರೆಹಣ್ಣು ಆರಿಸಿಕೊಂಡು, ಮತ್ತೆ ಹತ್ತಿ ಕುಳಿತದ್ದುಂಟು. ನಾನು ಇಳಿದದ್ದು ಕಾಕಾಗೆ ಗೊತ್ತೇ ಆಗಿರಲಿಲ್ಲ.

ಹೀಗೆ ಸುಖವಾಗಿದ್ದಾಗ ದೊಡ್ಡ ಟಾಯರು ಬಂದವು. ಮಳೆ ಬಿದ್ದ ಎರೆ ಹೊಲದಲ್ಲಿ ಕಬ್ಬು ಹೇರಿದ ಲಾರಿ ಹೂತುಹೋಗುತ್ತಿತ್ತು. ಎತ್ತು ಕಟ್ಟಿ ಎಳೆಸಿ ಸಾಕಾಗಿ, ಕಾಕಾ ನಿಪ್ಪಾಣಿಯಲ್ಲಿ ಮೊದಲಿಗಿಂತ ದೊಡ್ಡ ಅಳತೆಯ ಟಾಯರು ಹಾಕಿಸಿಕೊಂಡು ಬಂದರು. ಲಾರಿ ಎತ್ತರವಾಯಿತು. ಕಾಕಾನ ಹೆಂಡತಿ, ಕುಳ್ಳಗಿದ್ದ ನಮ್ಮ ಕಾಕು, ಅದನ್ನು ಹತ್ತಲು ಮಣೆ ಇಟ್ಟುಕೊಳ್ಳಬೇಕಾಯಿತು.

ಆಮೇಲೆ ಶುರುವಾಯಿತು ನೋಡಿ ಪವಾಡ. ಮುಳ್ಳು ನಲವತ್ತು ದಾಟುವುದಿಲ್ಲ, ಲಾರಿ ಮಾತ್ರ ದಿನಾಲೂ ಬೇಗ ಊರು ಮುಟ್ಟುತ್ತದೆ. “ನೇಮದ ಪುಣ್ಯ” ಎಂದರು ಕಾಕಾ. ಅದಲ್ಲದೆ ನಿಪ್ಪಾಣಿಯ ದಾರಿ ಮೀಟರಿನಲ್ಲಿ ಮೊದಲಿಗಿಂತ ಕಡಿಮೆ ಕಿಲೋಮೀಟರ್ ತೋರಿಸತೊಡಗಿತು. ಅದಕ್ಕೂ ಅವರಲ್ಲಿ ಉತ್ತರವಿತ್ತು.

“ಸರಕಾರದವ್ರು ತಿರುವು ತಗದು ರಸ್ತಾ ನೀಟ್ ಮಾಡ್ಯಾರ.”

“ಯಾವ ತಿರುವು ಕಾಕಾ?”

“ತಗದಾರ ಅಂದ ಮ್ಯಾಲೆ ಈಗ ಹೆಂಗ ಕಾಣಬೇಕಲೇ?”

ಇದಕ್ಕೆ ಯಾರು ಏನು ಹೇಳಬೇಕು? ಹೇಳಿದವರು ಕಾಕು. ಒಂದು ದಿನ ಹೊತ್ತು ಮುಳುಗುವ ಮೊದಲು ನಾನೂ ಕಾಕಾನೂ ಊಟಕ್ಕೆ ಕುಳಿತಿದ್ದೆವು. ಕಾಕಾ ರಸ್ತೆ ಗಿಡ್ಡವಾದ ಕತೆಯನ್ನು ಮತ್ತೆ ತೆಗೆದರು. ಕಾಕು ರೊಟ್ಟಿ ಬಡಿಯುತ್ತಲೇ ಕೇಳಿದರು:

“ಬಸದಿಗಿ ಹೋಗೂ ಮುಂದ ನಿಮಗ ಎಷ್ಟ ಹೆಜ್ಜಿ ಬೀಳತಾವು, ನನಗ ಎಷ್ಟ ಬೀಳತಾವು?”

“ನಾ ಉದ್ದ ಅದೀನಿ, ನನಗ ಕಡಿಮಿ. ನಿನಗ ಹೆಚ್ಚ.”

“ಹಂಗಂತ ನೀವು ಹೋಗೂ ಮುಂದ ದಾರಿ ಗಿಡ್ಡ ಆಗಿರತೈತೇನ್ರಿ? ಗಾಲಿನೂ ಹಂಗ. ದೊಡ್ಡ ಗಾಲಿ ಒಂದ ಸುತ್ತಿಗಿ ಹೆಚ್ಚ ದೂರ ಹೋಗತೈತಿ. ಮೀಟರ್ ಬರೇ ಸುತ್ತ ಎಣಸತೈತಿ.”

ಕಾಕಾನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. “ಹಂಗಾದ್ರ ಮುಳ್ಳು ನಲವತ್ತ ತೋರಿಸಿದಾಗ...?”

“ಗಾಡಿ ಅದರ ಮ್ಯಾಲೇ ಓಡಿರತೈತ್ರಿ,” ಎಂದೆ ನಾನು. ಕಾಲೇಜು ಕಲಿತವನು, ಸುಮ್ಮನಿರಲಾಗಲಿಲ್ಲ.

“ಗವರ್ನರ್ ಐತಲ್ಲೋ?”

“ಅದು ಎಂಜಿನ್ ಹಿಡಿತೈತ್ರಿ. ಗಾಲಿ ದೊಡ್ಡವ ಆಗ್ಯಾವು ಅಂತ ಅದಕ್ಕ ಯಾರ ಹೇಳ್ಯಾರ?”

ಕಾಕಾ ಕೈ ತೊಳೆದು ಎದ್ದರು. ಮಹಾರಾಜರ ಮುಂದೆ ಕೊಟ್ಟ ಮಾತು ತಿಂಗಳುಗಟ್ಟಲೆ ದಿನಾಲೂ ಮುರಿದಿತ್ತು, ಅದೂ ಪುಣ್ಯ ಬಂತೆಂದು ತಾವು ಹಿಗ್ಗುತ್ತಿದ್ದಾಗ! ಮರುದಿನವೇ ಚಿಕ್ಕೋಡಿಗೆ ಹೋದರು. ಮಿಸ್ತ್ರಿ ಕೊಲ್ಲಾಪುರದಿಂದ ಬೇರೆ ಹಲ್ಲುಗಾಲಿ ತರಿಸಿ ಮೀಟರಿನ ಕೇಬಲ್ಲಿಗೆ ಕೂರಿಸಿ, ಮುಳ್ಳು ಖರೆ ಹೇಳುವಂತೆ ಮಾಡಿದ. ಗವರ್ನರಿನ ಬೋಲ್ಟೂ ಇನ್ನಷ್ಟು ಬಿಗಿಯಾಯಿತು. ಆದ ತಪ್ಪಿಗೆ ಪ್ರಾಯಶ್ಚಿತ್ತವೆಂದು ಕಾಕಾ ಆ ಹಂಗಾಮು ಪೂರ್ತಿ ಮೂವತ್ತರಲ್ಲೇ ಓಡಿಸಿದರು. ನಮ್ಮ ಹೊಲದ ಕಬ್ಬು ಕಾರ್ಖಾನೆ ಮುಟ್ಟುವಷ್ಟರಲ್ಲಿ ಲಾರಿಯಲ್ಲೇ ಇನ್ನೊಂದು ಗೆಣ್ಣು ಬೆಳೆದಿರುತ್ತಿತ್ತು ಎಂದು ಊರವರು ಆಡಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಾಕುಗೆ ಹೊಟ್ಟೆನೋವು ಶುರುವಾಯಿತು. ಊರ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ, “ತಡಾ ಮಾಡಬ್ಯಾಡ್ರಿ, ಅಪೆಂಡಿಕ್ಸ್ ಒಳಗ ಒಡೀತಂದ್ರ ಕಷ್ಟ. ಮಿರಜಿಗಿ ಒಯ್ಯರಿ,” ಎಂದರು. ಕೈಗೆ ಸಿಕ್ಕ ವಾಹನ ನಮ್ಮ ಲಾರಿ ಒಂದೇ. ಕಾಕು ನನ್ನ ಹೆಗಲಿಗೆ ತಲೆ ಇಟ್ಟು ನರಳುತ್ತಿದ್ದರು. ಕಾಕಾ ಪೆಡಲನ್ನು ತಳಕ್ಕೆ ತುಳಿದಿದ್ದರು, ಮುಳ್ಳು ನಲವತ್ತು ಬಿಟ್ಟು ಅಲ್ಲಾಡಲಿಲ್ಲ. ಮಾಂಜರಿಯ ಸೇತುವೆ ದಾಟಿದ ಮೇಲೆ ಕಾಕು ನರಳುವುದು ನಿಂತಿತು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಕಾಕಾ ಲಾರಿ ನಿಲ್ಲಿಸಿದರು. ಬೋಲ್ಟ್ ಸಡಿಲಿಸುವ ಪಾನಾ ಮತ್ತು ಇಕ್ಕಳ ಎತ್ತಿಕೊಂಡು ಬಾನೆಟ್ ತೆರೆದರು. ಗವರ್ನರಿನ ಸೀಲಿನ ತಂತಿ ಕತ್ತರಿಸಿದ ಸಪ್ಪಳಕ್ಕೆ ಕಾಕು ಕಣ್ಣು ತೆರೆದರು.

“ಬ್ಯಾಡ್ರಿ. ನೇಮ ಐತಿ.”

“ನೇಮ ನಂದು, ಜೀವ ನಿಂದು. ಸುಮ್ನ ಕುಂದ್ರು.”

ಆ ಲಾರಿಗೆ ಅಷ್ಟು ಓಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಾಕಾಗೆ ಬರುತ್ತದೆ ಎಂದಂತೂ ಕನಸಿನಲ್ಲೂ ಎಣಿಸಿರಲಿಲ್ಲ. ಬಾಯಲ್ಲಿ ಣಮೋಕಾರ ಮಂತ್ರ, ಹಾರ್ನಿನ ಮೇಲೆ ಅಂಗೈ. ಕಾಗವಾಡ ಯಾವಾಗ ಬಂತು, ಯಾವಾಗ ಹೋಯಿತು, ನಾನು ನೋಡಲಿಲ್ಲ. ಮಿರಜಿನಲ್ಲಿ ತಕ್ಷಣ ಆಪರೇಶನ್ ಆಯಿತು. ವೇಳೆಗೆ ಸರಿಯಾಗಿ ತಂದಿರಿ ಎಂದರು ದೊಡ್ಡ ಡಾಕ್ಟರು. ಕಾಕಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಸಣ್ಣ ಮಕ್ಕಳ ಹಾಗೆ ಅತ್ತರು.

ಕಾಕು ಮನೆಗೆ ಬಂದರು. ಕಾಕಾ ಬೋಲ್ಟನ್ನು ಮತ್ತೆ ಬಿಗಿ ಮಾಡಿಸಿ ಸೀಲು ಹಾಕಿಸಿದರು. ತಿಳಿದೂ ತಿಳಿದೂ ನೇಮ ಮುರಿದದ್ದಕ್ಕೆ ಈ ಸಲ ದೊಡ್ಡ ಪ್ರಾಯಶ್ಚಿತ್ತವೇ ಬೇಕೆಂದು ಜನ್ಮಪೂರ್ತಿ ಸಿಹಿ ಬಿಟ್ಟರು. ಒಂದು ಮುಂಜಾನೆ ಕಾಕು ಮೂರು ಕಪ್ಪಿನಲ್ಲಿ ಚಹಾ ತಂದರು. ನನ್ನದಕ್ಕೆ ಬೆಲ್ಲ ಹಾಕಿದ್ದರು, ಕಾಕಾನದಕ್ಕೆ ಇಲ್ಲ. ತಮ್ಮ ಕಪ್ಪಿನಿಂದ ಒಂದು ಗುಟುಕು ಕುಡಿದು ಕಾಕು ಮುಖ ಕಿವುಚಿದರು. ಕಾಕಾ ನೋಡಿಬಿಟ್ಟರು.

“ನಿನಗ್ಯಾಕ ಸಪ್ಪನ್ನ ಚಾ? ನೇಮ ಮುರದಾಂವ ನಾನು.”

“ಓಡಿಸಿದಾವ್ರು ನೀವು ಖರೆ. ಅದರಾಗ ಕುಂತು ಬಂದಾಕಿ ನಾನಲ್ಲೇನ್ರಿ? ಪಾಪದಾಗ ಅರ್ಧ ನನಗಿರಲಿ.”

ಕಾಕಾ ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ಆ ಸಪ್ಪನೆಯ ಚಹಾವನ್ನು ಇಬ್ಬರೂ ಒಟ್ಟಿಗೆ ಕುಳಿತು ಕೊನೆಯವರೆಗೂ ಕುಡಿದರು.