ಗಂಜಿ ಹಾಕಿದ ಓಟ

ಇಸ್ತ್ರಿ ಅಂಗಡಿಯವನು ಫೋನಿನಲ್ಲಿ ಊರಿಗೆಲ್ಲ ‘ಓಟದಣ್ಣ’. ಕೆರೆಗೆ ಒಂದು ಸುತ್ತು ಓಡಿಬಂದೆನೆಂದು ದಿನಾ ಬೆಳಿಗ್ಗೆ ವಿಡಿಯೊ ಹಾಕುತ್ತಿದ್ದ. ನಿಜವಾದ ಓಟ ಅಂಗಡಿಯಿಂದ ದೀಪದ ಕಂಬದವರೆಗೆ. ಬೆವರಂತೂ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯದು. ಫೋನ್ ಹಿಡಿಯಲು ಹೆಂಡತಿ ಇದ್ದಳು. ಅದು ಮುಗಿದರೆ ಓಟದಣ್ಣನಿಗೆ ಮತ್ತೆ ಹಾಸಿಗೆ.

ಆ ದಿನವೂ ಮೈತುಂಬ ಚಿಮುಕಿಸಿಕೊಂಡು ಕಂಬ ಮುಟ್ಟಿದ್ದನಷ್ಟೆ, ಶೂ ಅಂಗಡಿಯ ಯಜಮಾನ ಪ್ರತ್ಯಕ್ಷನಾದ. ಹಿಂದೆ ಅರ್ಧ ಬೀದಿ.

“ಇವತ್ತು ನಿಮ್ ಜೊತೆ ನಾವೂ ಓಡ್ತೀವಿ. ನೀವು ಕೆರೆ ಸುತ್ತಿದ್ರೆ ನಮ್ಮಂಗಡಿ ಬೋರ್ಡ್ ಮೇಲೆ ನಿಮ್ದೇ ಫೋಟೊ!”

ಬೋರ್ಡಿನ ಮೇಲೆ ತನ್ನ ಮುಖ! ಅವನ ಬಾಯಲ್ಲಿ ನೀರೂರಿತು. ಆದರೆ ಓಡಲಾಗದಿದ್ದರೆ ಮಾನ ಮೂರು ಕಾಸಿಗೆ ಹರಾಜು.

“ಮಂಡಿ ನೋವು ಕಣ್ರೀ,” ಎಂದು ರಾಗ ಎಳೆದ.

“ಮುಲಾಮು ತಂದಿದೀನಪ್ಪಾ,” ಎಂದರು ಪಕ್ಕದ ಮನೆ ಮೇಷ್ಟ್ರು, ಇದಕ್ಕೇ ಕಾದಿದ್ದವರ ಹಾಗೆ.

ಎಲ್ಲರೂ ಅವನ ಹೆಗಲಿಗೆ ಕೈ ಹಾಕಿ ಸೆಲ್ಫಿ ತೆಗೆದುಕೊಳ್ಳುವಷ್ಟರಲ್ಲಿ ಬಿಸಿಲೇರಿತು. ಓಡಲು ಕಾಲೆತ್ತಿದರೆ ಮಂಡಿ ದಾಟಿದ ಚಡ್ಡಿ ಬಗ್ಗಲೊಲ್ಲದು! ಅಂಗಿ ಒಣಗಿ ರಟ್ಟಾಗಿತ್ತು.

“ಏನೇ ಇತ್ತು ಆ ಬಾಟ್ಲೀಲಿ?” ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

“ಅಯ್ಯೋ, ಗಂಜಿ! ಡಾಕ್ಟರ ಕೋಟಿಗೆ ಅಂತ ತುಂಬಿಟ್ಟಿದ್ದೆ. ನೀರಿನ ಬಾಟ್ಲಿ ಪಕ್ಕದಲ್ಲೇ ಇತ್ತಲ್ರೀ!”

ಇನ್ನೇನು ಮಾಡುವುದು? ಬೆದರುಬೊಂಬೆ ಹೊಲ ಬಿಟ್ಟು ಓಡಿದ ಹಾಗೆ ಓಟದಣ್ಣ ಹೊರಟ. ಬಗ್ಗದ ಮಂಡಿ, ಮಡಚದ ಕೈ, ಹೆಜ್ಜೆಗೊಮ್ಮೆ ಚರಚರ ಸದ್ದು. ಅರ್ಧ ದಾರಿಗೆ ಮೇಷ್ಟ್ರು ಉಸ್ಸೆಂದು ಕಲ್ಲುಬೆಂಚಿನ ಮೇಲೆ ಕೂತರು. ಇವನಿಗೂ ಕೂರುವ ಆಸೆ, ಚಡ್ಡಿ ಬಿಡಬೇಕಲ್ಲ! ಕೂರಲಾಗದ ಕರ್ಮಕ್ಕೆ ಇಡೀ ಕೆರೆ ಸುತ್ತಿದ. ಹಿಂದಿನವರೆಲ್ಲ ನಗುತ್ತ ವಿಡಿಯೊ ಹಿಡಿಯುತ್ತಿದ್ದರು.

ಮಾನ ಹೋಯಿತೆಂದು ಫೋನ್ ಮುಚ್ಚಿಟ್ಟು, ಬಾಗಿಲು ಹಾಕಿಕೊಂಡು ಮಲಗಿದ. ಸಂಜೆ ಶೂ ಅಂಗಡಿಯ ಯಜಮಾನ ಬಂದು ಬಾಗಿಲು ಬಡಿದ.

“ಏನ್ ಓಟ ಸ್ವಾಮಿ ನಿಮ್ದು! ಊರೂರಲ್ಲಿ ಅದೇ ಮಾತು. ಹೀಗೆ ಓಡಿದ್ರೆ ಬೆನ್ನು ನೆಟ್ಟಗಾಗುತ್ತಂತೆ. ಬೋರ್ಡ್ ಬರೆಯೋಕೆ ಕೊಟ್ಟಾಯ್ತು. ನಿಮ್ ಫೋಟೊ, ಕೆಳಗಡೆ ‘ದಿನಾ ಬೆಳಿಗ್ಗೆ ಓಟದಣ್ಣನ ಜೊತೆ ಓಡಿ’ ಅಂತ. ನಾಳೆಯಿಂದ್ಲೇ, ಕೆರೆಗೆ ಎರಡು ಸುತ್ತು!”

ಫೋಟೊ ಎಂದೊಡನೆ ಅವನಿಗೆ ಒಳಗೊಳಗೇ ಸಂತೋಷವಾಗದೆ ಇರಲಿಲ್ಲ. ಎರಡು ಸುತ್ತು ಎಂದಾಗ ಮಾತ್ರ ಹಾಸಿಗೆಯ ಕಡೆ ಆಸೆಯಿಂದ ತಿರುಗಿ ನೋಡಿದ.

ಹೆಂಡತಿ ಮುಸಿಮುಸಿ ನಗುತ್ತ ಬಾಟಲಿ ತುಂಬುತ್ತಿದ್ದಳು.

“ಬೆವರಿಗೆ ಇನ್ಮೇಲೆ ನೀರು ಬೇಡ ಬಿಡಿ, ಅದು ತಾನಾಗೇ ಬರುತ್ತೆ. ಗಂಜಿ ಮಾತ್ರ ತಪ್ಪೋ ಹಾಗಿಲ್ಲ.”