ಉಗುರಿನ ನೆವ

ಎಂಟು ತಿಂಗಳ ಕಾಲ ನಮ್ಮ ಮನೆಯಲ್ಲಿ ಅತ್ಯಂತ ಗೌರವದಿಂದ ಬಾಳಿದ ಜೀವ ಯಾವುದೆಂದರೆ ನನ್ನ ಬಲಗೈ. ನಾನಲ್ಲ, ನನ್ನ ಬಲಗೈ. ನನಗೆ ಎಂದಿನಂತೆ ಬೈಗುಳ. ಅದಕ್ಕೆ ಮಾತ್ರ ಬಾದಾಮಿ ಎಣ್ಣೆ. ಈಗ ಅದೇ ಕೈ ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿದೆ. ಹೇಗೆ ಅಂತ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಸ್ಪೇನಿನ ಕೋರ್ದೊಬಾದ ನಮ್ಮ ಓಣಿಯ ಬೆಕ್ಕುಗಳಿಗೂ ವಿಷಯ ಗೊತ್ತಾಗಿಹೋದ ಮೇಲೆ ನಿಮ್ಮೊಬ್ಬರಿಂದ ಮುಚ್ಚಿಟ್ಟು ನಾನು ಯಾವ ಮಾನ ಉಳಿಸಿಕೊಳ್ಳಬೇಕಾಗಿದೆ?

ಎಲ್ಲಾ ಶುರುವಾದದ್ದು ಒಂದು ಪ್ರೆಶರ್ ಕುಕ್ಕರಿನಿಂದ. ಹೋದ ವರ್ಷ ಮೇ ಮೂವತ್ತೊಂದಕ್ಕೆ, ಅಂದರೆ ನನ್ನ ಹೆಂಡತಿ ವಿಸಿಯ ಹೆಸರಿನ ದಿನಕ್ಕೆ (ಅವಳ ಹೆಸರು ಯಾವ ಹಬ್ಬದ್ದೋ ಆ ಹಬ್ಬದ ದಿನ; ನಮ್ಮಲ್ಲಿ ಅದು ಹುಟ್ಟುಹಬ್ಬದಷ್ಟೇ ದೊಡ್ಡದು), ನಾನು ಅವಳಿಗೆ ಕುಕ್ಕರ್ ಉಡುಗೊರೆ ಕೊಟ್ಟೆ. ನಮ್ಮದು ಆರು ಸಂಸಾರ ಒಂದೇ ಅಂಗಳ ಸುತ್ತಿಕೊಂಡಿರುವ ಮನೆ. ಹೆಸರಿನ ದಿನವೆಂದರೆ ಜೆರೇನಿಯಂ ಕುಂಡಗಳ ನಡುವೆ ಎಲ್ಲರೂ ಹಾಜರು. ಅಷ್ಟೂ ಜನರ ಮುಂದೆ ವಿಸಿ ಕುಕ್ಕರಿನ ಮುಚ್ಚಳ ತೆಗೆದು ಒಳಗೆ ನೋಡಿದಳು.

"ಇದು ನನಗೆ ತಂದಿದ್ದೋ, ನಿಮ್ಮ ಹೊಟ್ಟೆಗೆ ತಂದಿದ್ದೋ?"

ಅಂಗಳ ಗೊಳ್ಳೆಂದಿತು. ನನಗೆ ರೋಷ ಉಕ್ಕಿತು. (ಎರಡು ಲೋಟ ವೈನ್ ಹೊಟ್ಟೆಯಲ್ಲಿದ್ದರೆ ನನಗೆ ರೋಷ ಬೇಗ ಉಕ್ಕುತ್ತದೆ.) ಕುರ್ಚಿ ಹತ್ತಿ ನಿಂತು ಭೀಷ್ಮ ಪ್ರತಿಜ್ಞೆ ಮಾಡಿಬಿಟ್ಟೆ: "ಮುಂದಿನ ವರ್ಷ ಇದೇ ದಿನ, ಇದೇ ಅಂಗಳದಲ್ಲಿ, ನಿಮ್ಮಪ್ಪನ ಗಿಟಾರಿನಲ್ಲಿ ನಿಮ್ಮಪ್ಪನ ರಾಗ ಪೂರ್ತಿ ನುಡಿಸದೇ ಹೋದ್ರೆ ನನ್ನ ಹೆಸರು ಬಾಸಿಲಿಯೊ ಅಲ್ಲ!"

ನಗು ನಿಂತಿತು. ವಿಸಿಯ ಮುಖ ಒಂದು ಥರಾ ಆಯಿತು. ನನ್ನ ಮಾವ ಕ್ಷೌರಿಕರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗೋಡೆಯ ಮೇಲಿನ ಗಿಟಾರ್ ಇಳಿಸಿ ತಾವೇ ಕಟ್ಟಿದ ಒಂದು ರಾಗ ನುಡಿಸುತ್ತಿದ್ದರಂತೆ. ಅಂಗಡಿಯ ಬೆಂಚಿನ ಮೇಲೆ ಮಲಗಿ ಕೇಳುತ್ತಿದ್ದ ವಿಸಿಗೆ ಮೊದಲ ನಾಲ್ಕು ಸ್ವರಕ್ಕೇ ನಿದ್ದೆ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಅವರು ತೀರಿಕೊಂಡರು. ರಾಗ ಹೇಗೆ ಮುಗಿಯುತ್ತದೆ ಎನ್ನುವುದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಅವರ ಹತ್ತಿರ ಗಡ್ಡ ಮಾಡಿಸಿಕೊಳ್ಳುತ್ತಿದ್ದ ಸಂಗೀತದ ಇಲಾರಿಯೊ ಮೇಷ್ಟ್ರೊಬ್ಬರು ಮಾತ್ರ ಅದನ್ನು ಪೂರ್ತಿ ಬರೆದಿಟ್ಟುಕೊಂಡಿದ್ದರು.

ಅಲ್ಲೇ ಕೂತಿದ್ದ ಮೇಷ್ಟ್ರು, "ಬೇಕಾದ್ರೆ ಈಗಲೇ ನುಡಿಸ್ತೀನಮ್ಮ" ಅಂದರು.

"ಬೇಡಿ ಮೇಷ್ಟ್ರೇ," ಅಂದಳು ವಿಸಿ. "ನಮ್ಮನೆಯವರೇ ನುಡಿಸ್ತಾರಂತೆ. ಕಾಯ್ತೀನಿ."

ಅವಳು ಕಾದಳು. ನಾನೂ ಸೆಪ್ಟೆಂಬರ್ ಕೊನೆಯವರೆಗೆ ಕಾದೆ.

ಪಾಠಕ್ಕೆ ಸೇರಿದ ಮೇಲೆ ತಿಳಿಯಿತು, ಈ ವಾದ್ಯಕ್ಕೆ ಬಲಗೈ ಬೆರಳುಗಳೇ ಎಲ್ಲ. ಹೆಬ್ಬೆರಳು ಕೆಳದನಿಯ ತಂತಿಗಳಲ್ಲಿ ನಿಧಾನವಾಗಿ ನಡೆಯಬೇಕು. ಮಿಕ್ಕ ಮೂರು ಬೆರಳು ಮೇಲಿನ ನೈಲಾನ್ ತಂತಿಗಳಲ್ಲಿ ಹಾಡು ಹೇಳಬೇಕು. ಮೊದಲ ತಿಂಗಳು ನನ್ನ ಹೆಬ್ಬೆರಳು ಒಂದು ಕಡೆ, ಬೆರಳುಗಳು ಇನ್ನೊಂದು ಕಡೆ, ಜಗಳವಾಡಿದ ಓರಗಿತ್ತಿಯರ ಹಾಗೆ ಇದ್ದವು. ನವೆಂಬರಿನ ಒಂದು ಸಂಜೆ ಎರಡೂ ಅಚಾನಕ್ಕಾಗಿ ಒಂದಾದವು. ಆ ಮೆತ್ತನೆಯ ದನಿ ಎದೆಗೊತ್ತಿಕೊಂಡ ಮರದ ಪೆಟ್ಟಿಗೆಯಿಂದ ನನ್ನೊಳಗೇ ಇಳಿಯಿತು. ಸತ್ಯವಾಗಿ ಹೇಳುತ್ತೇನೆ, ಅಂಥ ಸುಖ ನಾನು ಕಂಡಿರಲಿಲ್ಲ. ಅಡಿಗೆಮನೆಯಿಂದ ವಿಸಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದಳು.

ಅಲ್ಲಿಗೇ ನಿಯತ್ತಾಗಿ ಮುಂದುವರಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರು ಪಾಠದ ಮೊದಲ ವಾರವೇ, "ಬಲಗೈ ಉಗುರು ಒಂಚೂರು ಬಿಟ್ರೆ ದನಿ ಹೊಳಪಾಗುತ್ತೆ, ಬಾಸಿಲಿಯೊ" ಅಂದಿದ್ದರು. ಉಗುರು ಬಿಟ್ಟೆ. ನುಣುಪು ಮರಳುಕಾಗದದಿಂದ ದಿನಾ ಅದರ ಅಂಚು ತೀಡಿದೆ. ಒಂದು ರಾತ್ರಿ ಊಟವಾದ ಮೇಲೆ ವಿಸಿ, "ಸ್ವಲ್ಪ ಈ ತಟ್ಟೆ ತೊಳೀರಿ" ಅಂದಾಗ ನನ್ನ ಬಾಯಿಂದ ಸರಸ್ವತಿಯೇ ನುಡಿದಂತೆ ಒಂದು ಮಾತು ಬಂತು.

"ನೀರು ತಾಕಿದ್ರೆ ಉಗುರು ಮೆತ್ತಗಾಗುತ್ತೆ ಕಣೆ."

"ಹೌದಾ? ಅಯ್ಯೋ, ಹಾಗಾದ್ರೆ ಬಿಡಿ!"

ಆಹಾ! ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ನನಗೆ ಮಹಾಮಂತ್ರ ಸಿಕ್ಕಿತ್ತು. ಬೆಳ್ಳುಳ್ಳಿ ಸುಲಿಯುವುದು? ಉಗುರು. ಸಂತೆಯ ಚೀಲ ಹೊರುವುದು? ಉಗುರು. ಬೂಟಿನ ದಾರ? ಅವಳೇ ಬಗ್ಗಿ ಕಟ್ಟುತ್ತಿದ್ದಳು. ಕಿತ್ತಲೆ ಸುಲಿದು ತೊಳೆತೊಳೆ ಬಿಡಿಸಿ ಕೊಡುತ್ತಿದ್ದಳು. ನಗರಸಭೆಯ ಕಚೇರಿಯಲ್ಲೂ ನಾನು ಮೊಹರು ಒತ್ತುತ್ತಿದ್ದದ್ದು ಎಡಗೈಯಲ್ಲಿ.

ನಡುವೆ ಒಂದು ದಿನ ಮೇಷ್ಟ್ರು ತಾವಾಗಿಯೇ ಹೇಳಿದರು: "ಉಗುರೇ ಬೇಕು ಅಂತೇನಿಲ್ಲಪ್ಪ. ನಿನ್ನ ಮಾವ ದಿನವೆಲ್ಲ ಸೋಪಿನ ನೀರಲ್ಲಿ ಕೈ ಇಟ್ಟವನು, ಅವನಿಗೆಲ್ಲಿಯ ಉಗುರು? ಬರೀ ಬೆರಳ ತುದಿಯಲ್ಲೇ ನುಡಿಸ್ತಿದ್ದ. ಆ ರಾಗ ಹಾಗೇ ಚೆಂದ."

ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ದಯವಿಟ್ಟು ಕೇಳಬೇಡಿ. ಆ ವಾರ ತೊಳೆಯುವುದಕ್ಕೆ ದೊಡ್ಡ ಬಾಣಲೆಗಳಿದ್ದವು.

ಕಷ್ಟವೆಂದರೆ, ಸುಖದಲ್ಲಿರುವವನಿಗೆ ವಿದ್ಯೆ ಹತ್ತುವುದಿಲ್ಲ. ರಾಗದ ಅರ್ಧದಲ್ಲಿ ಒಂದು ಜಾಗವಿದೆ. ಎಡಗೈ ಸರ್ರನೆ ಮೇಲೆ ಜಾರಿ ನಾಲ್ಕು ಬೆರಳೂ ಅಗಲಿಸಿ ಕೂರಬೇಕು. ಅಲ್ಲಿಗೆ ಬಂದಾಗಲೆಲ್ಲ ನಾನು ತಪ್ಪುತ್ತಿದ್ದೆ, "ಅಯ್ಯೋ ದೇವರೇ!" ಅನ್ನುತ್ತಿದ್ದೆ, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ಕ್ರಿಸ್‌ಮಸ್ ಆದ ಮೇಲೆ, ಇನ್ನು ಮನೆಯಲ್ಲೇ ಸಾಧನೆ ಎಂದು ಪಾಠಕ್ಕೂ ಚಕ್ಕರ್ ಹೊಡೆದೆ. ಜನವರಿಯಲ್ಲಿ ಅದೇ ಜಾಗ, ಮಾರ್ಚಿನಲ್ಲಿ ಅದೇ ಜಾಗ. ಅದರಾಚೆಯ ಸಾಲುಗಳ ಮೇಲೆ ನಾನು ಕಣ್ಣು ಸಹ ಹಾಯಿಸಿರಲಿಲ್ಲ.

"ಮುಂದಿನದು ಯಾವಾಗ ರೀ?" ಎಂದು ವಿಸಿ ಕೇಳುವಳು.

"ಅದೆಲ್ಲ ಹಬ್ಬದ ದಿನಕ್ಕೆ ಕಣೆ. ಈಗಲೇ ಕೇಳಿಬಿಟ್ರೆ ಸ್ವಾರಸ್ಯ ಏನು?"

ಮೇ ಮೂವತ್ತೊಂದು ಬಂದೇ ಬಂತು. ವಿಸಿ ಇಪ್ಪತ್ಮೂರು ಜನರನ್ನು ಕರೆದಿದ್ದಳು. ಟೊಮ್ಯಾಟೊ ರುಬ್ಬಿ ದೊಡ್ಡ ಪಾತ್ರೆ ತುಂಬ ಸಾಲ್ಮೊರೇಹೊ, ಜೇನು ಸುರಿದ ಬದನೆಕಾಯಿ, ಆಲೂಗಡ್ಡೆಯ ದಪ್ಪ ತೊರ್ತಿಯಾ, ಎಲ್ಲಾ ಒಬ್ಬಳೇ ಮಾಡಿದ್ದಳು (ನನಗೆ ಉಗುರಲ್ಲವೇ). ಬೆಳಿಗ್ಗೆ ಅಂಗಳದಲ್ಲಿ ಕುರ್ಚಿ ಜೋಡಿಸುತ್ತಾ, ಅವಳಪ್ಪನ ಫೋಟೋವನ್ನು ಮೊದಲ ಸಾಲಿನ ಕುರ್ಚಿಯ ಮೇಲಿಟ್ಟಳು. ಅದನ್ನು ಕಿಟಕಿಯಿಂದ ನೋಡಿದೆ.

ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಕ್ಲಿಪ್ಪರ್ ತೆಗೆದುಕೊಂಡೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು: ಟಕ್, ಟಕ್, ಟಕ್. ಎಂಟು ತಿಂಗಳ ಬೆಳೆ ಬಚ್ಚಲ ಪಾಲಾಯಿತು. ಅಡಿಗೆಮನೆಗೆ ಹೋಗಿ, ಅಂಗಡಿ ಶಟರಿನ ಹಾಗೆ ಮೇಲಿಂದ ಜಾರುವ ಕಿಟಕಿಯ ಮರದ ಪರದೆಯ ಪಟ್ಟಿ ಸಡಿಲ ಬಿಟ್ಟೆ. ಅದು ಧಡಾರ್ ಎಂದು ಬಿತ್ತು.

"ಅಯ್ಯಯ್ಯೋ! ಸತ್ತೆ!"

ವಿಸಿ ಓಡಿ ಬರುವಷ್ಟರಲ್ಲಿ ನನ್ನ ಕೈಗೆ ಗಜಗಾತ್ರದ ಬ್ಯಾಂಡೇಜು. "ಉಗುರು ಹೋಯ್ತು ಕಣೆ! ಮೂರೂ ಹೋಯ್ತು! ಇವತ್ತೇ ಹೀಗಾಗಬೇಕಾ?" ಎಂದು ಗೋಳಾಡಿದೆ. ಅವಳು ಬೈಯಲಿಲ್ಲ. "ಕೈ ಉಳೀತಲ್ಲ, ಸಾಕು ಬಿಡಿ" ಎಂದು ಬ್ಯಾಂಡೇಜಿನ ಮೇಲೆ ಮುತ್ತಿಟ್ಟಳು. ಆಗಲೇ ನನಗೆ ನಾಚಿಕೆಯಾಗಬೇಕಿತ್ತು. ಆಗಲೂ ಹಸಿವೇ ಆಗುತ್ತಿತ್ತು.

ಸಂಜೆ ಎಲ್ಲರೂ ತಿಂದು ಮುಗಿಸಿದ ಮೇಲೆ ನನ್ನ ದುರಂತದ ಘೋಷಣೆಯಾಯಿತು. ಎಲ್ಲರೂ ಅಯ್ಯೋ ಪಾಪ ಎಂದರು. ಇಲಾರಿಯೊ ಮೇಷ್ಟ್ರು ಮಾತ್ರ ಜೇಬಿಗೆ ಕೈ ಹಾಕಿ ಒಂದು ಪಿಂಗ್‌ಪಾಂಗ್ ಚೆಂಡು, ಪುಟ್ಟ ಕತ್ತರಿ, ಗೋಂದಿನ ಟ್ಯೂಬು ತೆಗೆದರು.

"ಇಷ್ಟಕ್ಕೆಲ್ಲ ಹೆದರೋದಾ? ಚೆಂಡಿನ ಚೂರು ಕತ್ತರಿಸಿ ಅಂಟಿಸಿದ್ರೆ ಉಗುರಿಗಿಂತ ಗಟ್ಟಿ. ನಂದೂ ಎಷ್ಟು ಸಲ ಮುರಿದಿದೆ! ಬಿಚ್ಚು ಬ್ಯಾಂಡೇಜು."

"ಬೇಡಿ ಮೇಷ್ಟ್ರೇ, ರಕ್ತ ಬರುತ್ತೆ..."

"ನಾನು ಬಿಚ್ತೀನಿ ಬಿಡಿ ಅಣ್ಣ, ನನಗೆ ಅಭ್ಯಾಸ" ಎಂದು ಎದುರುಮನೆ ಅರಾಸೆಲಿ ಮುಂದೆ ಬಂದಳು. ಅವಳದು ಬ್ಯೂಟಿ ಪಾರ್ಲರು. ಜಗತ್ತಿನಲ್ಲಿ ಎಷ್ಟೊಂದು ಕಸುಬುಗಳಿವೆ. ನಮ್ಮ ಅಂಗಳಕ್ಕೆ ಉಗುರು ನೋಡುವವಳೇ ಬಾಡಿಗೆಗೆ ಬರಬೇಕೆ! ಸುತ್ತು ಸುತ್ತು ಬಿಚ್ಚಿದಳು. ನನ್ನ ಬೆರಳುಗಳನ್ನು ಬೆಳಕಿಗೆ ಹಿಡಿದಳು.

"ಅಣ್ಣ, ಪರದೆ ಬಿದ್ದು ಮುರೀತು ಅಂದ್ರಲ್ಲ?"

"ಹೌದಮ್ಮ, ಧಡಾರ್ ಅಂತ."

"ಮೂರೂ ಒಂದೇ ಅಳತೆಗೆ ಮುರಿದಿದೆ. ಊತ ಇಲ್ಲ, ಗೀರಿಲ್ಲ." ಬೆರಳ ತುದಿ ಸವರಿದಳು. "ಆಮೇಲೆ ಪರದೆ ಬಂದು ಅಂಚನ್ನೂ ನುಣ್ಣಗೆ ತೀಡಿ ಹೋಗಿದೆ!"

ಅಯ್ಯೋ ನನ್ನ ಕರ್ಮವೇ! ಎಂಟು ತಿಂಗಳ ರೂಢಿ! ಬೆಳಿಗ್ಗೆ ಕತ್ತರಿಸಿದ ಮೇಲೆ, ಗೊತ್ತೇ ಇಲ್ಲದೆ, ಮರಳುಕಾಗದ ತೆಗೆದು ಮೂರನ್ನೂ ಚೆನ್ನಾಗಿ ತೀಡಿಬಿಟ್ಟಿದ್ದೆ.

ಮೇಷ್ಟ್ರಿಗೆ ಏನೂ ಅರ್ಥವಾಗಿರಲಿಲ್ಲ. ಪಾಪ, ಅವರು ನನ್ನನ್ನು ಕಾಪಾಡಲು ಹೊರಟರು. "ಹೋಗ್ಲಿ ಬಿಡ್ರಪ್ಪ. ಉಗುರಿಲ್ಲದೆ ನುಡಿಸಬಹುದು ಅಂತ ನಾನು ಆಗಲೇ ಹೇಳಿದ್ದೆನಲ್ಲ ಬಾಸಿಲಿಯೊ, ಚಳಿಗಾಲಕ್ಕೂ ಮುಂಚೆ? ನಿನ್ನ ಮಾವನೂ ಬರೀ ಬೆರಳಲ್ಲೇ..."

ವಿಸಿ ನನ್ನ ಕಡೆ ತಿರುಗಿದಳು. "ಚಳಿಗಾಲಕ್ಕೂ ಮುಂಚೆ?"

ಅವಳು ತನ್ನ ಕೈಗಳನ್ನು ನೋಡಿಕೊಂಡಳು. ನಾನೂ ನೋಡಿದೆ, ಎಂಟು ತಿಂಗಳಲ್ಲಿ ಮೊದಲ ಸಲ. ಪಾತ್ರೆ ತೊಳೆದೂ ತೊಳೆದೂ ಬಿರಿದಿದ್ದವು. ಅವಳು ಕುರ್ಚಿಯಲ್ಲಿ ಕೂತು ಗಿಟಾರನ್ನು ತೊಡೆಯ ಮೇಲೆ ಎತ್ತಿಕೊಂಡಳು.

ನುಡಿಸಿದಳು! ಉಗುರಿಲ್ಲದ, ಬಿರುಕುಬಿಟ್ಟ ಬೆರಳ ತುದಿಯಲ್ಲಿ, ನಾನು ತಿಂಗಳುಗಟ್ಟಲೆ ಒದ್ದಾಡಿದ ರಾಗವನ್ನು ಎಷ್ಟು ಮೆತ್ತಗೆ, ಎಷ್ಟು ಚೆಂದ! ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ನಾನು ಕಚೇರಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಕಲಿತಿದ್ದಳಂತೆ, ನನ್ನನ್ನು ಕೇಳಿ ಕೇಳಿಯೇ. ರಾಗ ಏರುತ್ತಾ ಏರುತ್ತಾ ಆ ಜಾಗಕ್ಕೆ ಬಂತು. ಅವಳ ಕೈ ಗಕ್ಕನೆ ನಿಂತಿತು. ಮಹಡಿಯ ಉರ್ಸುಲಾ ಅಜ್ಜಿಯಿಂದ ಹಿಡಿದು ಎಲ್ಲರೂ, ಇಡೀ ಅಂಗಳವೇ, ಒಂದೇ ದನಿಯಲ್ಲಿ ಹಾಡಿತು:

"ಅಯ್ಯೋ ದೇವರೇ!"

ಅವರೆಲ್ಲರಿಗೂ ಅದು ಕಂಠಪಾಠವಾಗಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಸಿ ನಗಲಿಲ್ಲ.

"ಇಷ್ಟೇ ನನಗೆ ಬರೋದು. ಇವರು ಇಲ್ಲಿವರೆಗೇ ನುಡಿಸಿದ್ದು," ಅಂದಳು. "ಮುಂದಿನದು ಇವತ್ತು ಕೇಳಿಸ್ತಾರೆ ಅಂತ ಕಾಯ್ತಿದ್ದೆ."

"ಬಾ ಬಾಸಿಲಿಯೊ, ಮುಂದಿನದು ನುಡಿಸು," ಅಂದರು ಮೇಷ್ಟ್ರು.

ಕುರ್ಚಿಯ ಮೇಲಿಂದ ಮಾವ ನನ್ನನ್ನೇ ನೋಡುತ್ತಿದ್ದರು.

"ಬರಲ್ಲ ಮೇಷ್ಟ್ರೇ," ಅಂದೆ. ಇಡೀ ಎಂಟು ತಿಂಗಳಲ್ಲಿ ನಾನು ಆಡಿದ ಒಂದೇ ನಿಜ ಅದು. ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಅರಾಸೆಲಿ ಕೈ ಹಿಡಿದುಕೊಂಡೇ ಇದ್ದಳು. ಬಿಡಿಸಿಕೊಂಡು, ಯಾರೂ ಹೇಳದೆಯೇ ತಟ್ಟೆಗಳನ್ನು ಬಳಿದುಕೊಂಡು ಅಡಿಗೆಮನೆಗೆ ಹೋದೆ. ಒಣಗಿದ ಸಾಲ್ಮೊರೇಹೊ ಬಟ್ಟಲಿಗೆ ಹೇಗೆ ಅಂಟುತ್ತದೆ ಎಂದು ಅವತ್ತು ಕಲಿತೆ.

ಈಗ ವಿಸಿ ವಾರಕ್ಕೆ ಎರಡು ದಿನ ಮೇಷ್ಟ್ರ ಹತ್ತಿರ ಪಾಠಕ್ಕೆ ಹೋಗುತ್ತಾಳೆ. ರಾಗ ಪೂರ್ತಿ ಬಂದಿದೆಯಂತೆ. ಅಂಗಳದವರೆಲ್ಲ ಕೇಳಿ ಕಣ್ಣೊರೆಸಿಕೊಂಡಿದ್ದಾರೆ. ನನಗೆ ಮಾತ್ರ ನನ್ನ ಹೆಸರಿನ ದಿನ, ಜನವರಿ ಎರಡಕ್ಕೆ ಕೇಳಿಸುತ್ತಾಳಂತೆ. ಮೊದಲೇ ಕೇಳಿಬಿಟ್ಟರೆ ಸ್ವಾರಸ್ಯ ಇರುವುದಿಲ್ಲವಂತೆ. ಅವಳ ಬಲಗೈ ಉಗುರುಗಳೂ ಬೆಳೆಯುತ್ತಿವೆ.

"ನಿಮ್ಮಪ್ಪನ ರಾಗಕ್ಕೆ ಉಗುರು ಬೇಡವಂತಲ್ಲ ಕಣೆ..." ಎಂದು ಮೊನ್ನೆ ಮೆಲ್ಲಗೆ ರಾಗ ತೆಗೆದೆ.

"ಗೊತ್ತು ರೀ," ಅಂದಳು ಮರಳುಕಾಗದದಿಂದ ಅಂಚು ತೀಡುತ್ತಾ. "ನಿಮಗೂ ಗೊತ್ತಿತ್ತು."

ಒಳಗೆ ಅವಳು ನುಡಿಸುವಾಗ ಪಾತ್ರೆ ತೊಳೆಯುತ್ತಾ ಕಿವಿಗೊಟ್ಟು ನಿಲ್ಲುತ್ತೇನೆ. ನೀರಿನ ಸದ್ದಿಗೆ ಏನೂ ಕೇಳಿಸುವುದಿಲ್ಲ. ರಾಗ ಆ ಜಾಗ ದಾಟುವ ಹೊತ್ತಾಯಿತೆಂದು ಅಂದಾಜು ಮಾಡಿ ಮೆಲ್ಲಗೆ ನಲ್ಲಿ ನಿಲ್ಲಿಸುತ್ತೇನೆ. ಅವಳೂ ಗಿಟಾರ್ ನಿಲ್ಲಿಸುತ್ತಾಳೆ.

"ಆಯ್ತೇನ್ರೀ ಪಾತ್ರೆ?"

"ಇಲ್ಲ ಕಣೆ, ಇನ್ನೂ ಇದೆ," ಎಂದು ನಲ್ಲಿ ಬಿಡುತ್ತೇನೆ.