ಕಳಿಸಿ ಬರಲು ಹೋದ ಕಾಕಾ

ನಮ್ಮ ಕಾಕಾ ಹಡಗು ಹತ್ತಿ ಸಿಂಗಾಪುರಕ್ಕೆ ಹೋಗಿ ಬಂದವನು ಎಂದರೆ ನೀವು ನಂಬಬಹುದು. ಏಕೆ ಹೋಗಿದ್ದ ಎಂದು ಹೇಳಿದರೆ ಮಾತ್ರ ನಂಬಲಿಕ್ಕಿಲ್ಲ. ವ್ಯಾಪಾರಕ್ಕಲ್ಲ, ನೌಕರಿಗಲ್ಲ, ಊರು ನೋಡುವುದಕ್ಕಂತೂ ಅಲ್ಲವೇ ಅಲ್ಲ. ತನ್ನ ಅಕ್ಕನನ್ನು ಕಳಿಸಿ ಬರಲು ಹೋಗಿದ್ದ! ನವಲಗುಂದದ ಬಸ್‌ಸ್ಟ್ಯಾಂಡಿನ ತನಕ ಹೋಗಿ ಕೈ ಬೀಸಿ ಬರುವ ಕೆಲಸಕ್ಕೆ ಸಮುದ್ರ ದಾಟಿದ ಇನ್ನೊಬ್ಬ ಮನುಷ್ಯ ಎಲ್ಲಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ.

ಮನೆಗೆ ಬಂದವರನ್ನು ಬಾಗಿಲಲ್ಲೇ ‘ಹೋಗಿ ಬರ್ರಿ’ ಎಂದು ಬಿಟ್ಟುಬಿಡುವ ಪದ್ಧತಿ ನಮ್ಮ ಕಡೆ ಇಲ್ಲ. ಅವರ ಚೀಲ ನಾವು ಹಿಡಿಯಬೇಕು, ಬಸ್ಸಿನ ಕಿಟಕಿಯಿಂದ ಟಾವೆಲ್ಲು ಒಗೆದು ಸೀಟು ಹಿಡಿಯಬೇಕು, ಬಸ್ಸು ಹೊರಟ ಮೇಲೆ ಮನೆಗೆ ತಿರುಗಬೇಕು. ಇದು ಎಲ್ಲರೂ ಮಾಡುವುದೇ. ಆದರೆ ಕಾಕಾನ ಕಾಯಿದೆ ಬೇರೆ. ಬಸ್ಸು ಕಣ್ಣಿಗೆ ಕಾಣದಂತಾಗುವ ತನಕ ಅವನು ನಿಂತಲ್ಲಿಂದ ಕದಲುತ್ತಿರಲಿಲ್ಲ. ನಮ್ಮದು ಎರೆಹೊಲದ ಸೀಮೆ. ಅಡ್ಡಕ್ಕೆ ಒಂದು ಗುಡ್ಡವಿಲ್ಲ, ಕಣ್ಣಿಗೆ ಮರೆಯಾಗಲು ನಾಲ್ಕು ಗಿಡವಿಲ್ಲ. ಅಂಥಲ್ಲಿ ಒಂದು ಬಸ್ಸು ಕಾಣದಾಗುವುದೆಂದರೆ ಸಾಮಾನ್ಯದ ಮಾತೇ? ಅಷ್ಟೇ ಅಲ್ಲ, ಹೋಗುವವರು ಕಿಟಕಿಯಿಂದ ತಿರುಗಿ ನೋಡಲೇಬೇಕು. ನೋಡದೆ ಹೋದರೋ, ಅವರ ಕಥೆ ಮುಗಿಯಿತು. “ತಿರುಗಿ ನೋಡಲಿಲ್ಲ ನೋಡವಾ! ಎಂಥಾ ಮಂದಿ ಇರ್ತಾರ!” ಎಂದು ತಿಂಗಳುಗಟ್ಟಲೆ ಹಲಬುತ್ತಿದ್ದ.

ಒಮ್ಮೆ ಬೀಗರನ್ನು ಕಳಿಸಲು ಹೋದವನು ಮಾತಿನ ಭರದಲ್ಲಿ ತಾನೂ ಬಸ್ಸು ಹತ್ತಿ ಅಣ್ಣಿಗೇರಿಯಲ್ಲಿ ಇಳಿದ. ಬೀಗರೂ ಮರ್ಯಾದಸ್ಥರು. ಊಟ ಹಾಕಿ, ಅವನನ್ನು ಕಳಿಸಲು ತಾವು ಬಸ್‌ಸ್ಟ್ಯಾಂಡಿಗೆ ಬಂದರು. “ನೀವು ಮೊದಲ ಮನೀಗೆ ಹೋಗ್ರಿ, ನಿಮ್ಮನ್ನ ಕಳಿಸಿ ನಾ ಹೋಗ್ತೀನಿ” ಎಂದು ಕಾಕಾ. “ಛೇ ಛೇ, ನೀವು ಬಸ್ ಹತ್ರಿ” ಎಂದು ಬೀಗರು. ಈ ಜಗ್ಗಾಟದಲ್ಲಿ ಎರಡು ಬಸ್ಸು ತಪ್ಪಿ ಕಾಕಾ ಮರುದಿನ ಮುಂಜಾನೆ ಊರು ಸೇರಿದ. ಕಾಕೂ ತಲೆಬಾಗಿಲಲ್ಲೇ ಕೇಳಿದ್ದಳಂತೆ, “ಕಳಿಸಿ ಬಂದ್ರೋ, ಕಳಿಸಿಕೊಂಡ ಬಂದ್ರೋ?” ಎಂದು.

ಇನ್ನು ಸಿಂಗಾಪುರದ ವಿಷಯ. ಅತ್ತೆ ಎಂದರೆ ನಮ್ಮ ಅಪ್ಪನಿಗೂ ಕಾಕಾನಿಗೂ ಅಕ್ಕ. ತಾಯಿ ಬೇಗ ತೀರಿಕೊಂಡ ಮನೆ. ಕಾಕಾನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವಳ ಮಗಳನ್ನು ಸಿಂಗಾಪುರದಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದ ಹುಡುಗನಿಗೆ ಕೊಟ್ಟಿದ್ದರು. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಅವಳು ಬಸುರಿಯಾದಳು. ತವರಿಗೆ ಬರಬೇಕಾದವಳಿಗೆ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡವೆಂದರು. ಮಗಳು ಬಾಣಂತನಕ್ಕೆ ಬರದಿದ್ದರೆ ಬಾಣಂತನವೇ ಮಗಳಿದ್ದಲ್ಲಿಗೆ ಹೋಗಬೇಕಲ್ಲ? ಹುಬ್ಬಳ್ಳಿ ದಾಟಿ ಗೊತ್ತಿಲ್ಲದ ಅತ್ತೆ ಸಿಂಗಾಪುರಕ್ಕೆ ಹೊರಟು ನಿಂತಳು. ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನಾನು, ಇಂಗ್ಲಿಷ್ ಫಾರ್ಮು ತುಂಬುವವಳೆಂಬ ಒಂದೇ ಅರ್ಹತೆಯ ಮೇಲೆ, ಜೊತೆಗೆ ಹೋಗಿ ಅವಳನ್ನು ಮುಟ್ಟಿಸಿ ಬರುವುದೆಂದು ನಿಶ್ಚಯವಾಯಿತು. ಎಂಬತ್ತರ ದಶಕದ ಮೊದಲ ವರ್ಷಗಳವು. ಮದರಾಸಿನಿಂದ ಸಿಂಗಾಪುರಕ್ಕೆ ಪ್ರಯಾಣಿಕರ ಹಡಗು ಇನ್ನೂ ಹೋಗುತ್ತಿತ್ತು.

ಆಗ ಕಾಕಾ ಅಂದ, “ನಾ ಅಕ್ಕನ್ನ ಕಳಿಸಿ ಬರ್ತೀನಿ.”

ಹುಬ್ಬಳ್ಳಿ ಸ್ಟೇಶನ್ನಿನ ತನಕ ಎಂದುಕೊಂಡೆವು. ಬಹಳವೆಂದರೆ ಮದರಾಸು. ಆ ವರ್ಷ ಹತ್ತಿ ಚಲೋ ಬಂದಿತ್ತು. ಕಾಕಾ ಯಾರಿಗೂ ಹೇಳದೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಬಿಟ್ಟಿದ್ದ. ವಿಚಾರಣೆಗೆ ಬಂದ ಪೊಲೀಸಪ್ಪ ಕೇಳಿದ, “ಪರದೇಶಕ್ಕ ಯಾಕ ಹೊಂಟೀರಿ?”

“ಅಕ್ಕನ್ನ ಕಳಿಸಾಕ್ರಿ.”

“ಕಳಿಸಿ?”

“ಕಳಿಸಿ ಹೊಳ್ಳಿ ಬರೂದ್ರಿ! ಮತ್ತೇನ್ ಅಲ್ಲೇ ಇರೂದೇನು?”

ಪೊಲೀಸಪ್ಪ ಏನು ಬರೆದುಕೊಂಡನೋ ದೇವರಿಗೇ ಗೊತ್ತು. ಅವನು ಎದ್ದಾಗ ಕಾಕಾ ಅವನ ಸೈಕಲ್ಲು ಹಿಡಿದುಕೊಂಡು ಠಾಣೆಯ ಬಾಗಿಲ ತನಕ ಕಳಿಸಿ ಬಂದ. ಕಾಕಾನನ್ನು ಠಾಣೆಗೆ ಎಳೆದುಕೊಂಡು ಹೋದರೆಂದು ಊರೆಲ್ಲ ಸುದ್ದಿಯಾಯಿತು.

ಮದರಾಸಿನ ಬಂದರಿನಲ್ಲಿ ಹಡಗು ನೋಡಿ ನನ್ನ ಜೀವ ಬಾಯಿಗೆ ಬಂತು. ಅತ್ತೆ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ, ಒಣಕೊಬ್ಬರಿ, ಅಜವಾನ, ಕೂಸಿಗೆ ಹೊಲಿದ ಕೌದಿ ಇವನ್ನೆಲ್ಲ ಅಪ್ಪಿಕೊಂಡು ನಿಂತಿದ್ದಳು. ಕಾಕಾ ಮಾತ್ರ ಧೋತರದ ಕಚ್ಚೆ ಬಿಗಿದು ಮಂದಿಯನ್ನು ಸೀಳಿಕೊಂಡು ಒಳಗೆ ನುಗ್ಗಿದ. ಕೆಳಗಿನ ದೊಡ್ಡ ಹಜಾರದಲ್ಲಿ ರೈಲಿನ ಬರ್ತುಗಳ ಹಾಗೆ ಸಾಲು ಸಾಲು ಮಲಗುವ ಅಟ್ಟಗಳು. ನಾವು ಹೋಗುವಷ್ಟರಲ್ಲಿ ಮೂರು ಅಟ್ಟಗಳ ಮೇಲೆ ಮೂರು ಟಾವೆಲ್ಲು ಬಿದ್ದಿದ್ದವು! “ಕಾಕಾ, ಟಿಕೇಟಿನ ಮ್ಯಾಲೆ ನಂಬರ್ ಐತಿ. ನಮ್ಮ ಜಾಗಾ ಆ ಕಡೆ” ಎಂದೆ. “ನಂಬರ್ ಇದ್ರ ಏನಾತು, ಟಾವೆಲ್ ಇದ್ರ ಗ್ಯಾರಂಟಿ” ಎಂದು ಹೋಗಿ, ಆ ಮೂರನ್ನೂ ತಂದು ನಮ್ಮ ನಂಬರಿನ ಮೇಲೆ ಹಾಸಿದ.

ಎರಡನೆಯ ದಿನ ಎಲ್ಲರಿಗೂ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿ, ಹಡಗಿಗೆ ಅಪಾಯ ಬಂದರೆ ಎಲ್ಲಿ ನಿಲ್ಲಬೇಕೆಂದು ತಾಲೀಮು ಮಾಡಿಸಿದರು. ತಾಲೀಮು ಮುಗಿದು ಎಲ್ಲರೂ ಜಾಕೀಟು ಬಿಚ್ಚಿದರು, ಕಾಕಾ ಬಿಚ್ಚಲಿಲ್ಲ. ಅದರಲ್ಲೇ ಊಟ, ಅದರಲ್ಲೇ ಎಲೆ ಅಡಿಕೆ. ಹಡಗಿನ ನೌಕರರು ಎರಡು ದಿನ ಹೇಳಿ ನೋಡಿ ಸೋತು ಬಿಟ್ಟರು. “ಬಿಚ್ಚೋ ಮಾರಾಯಾ, ಮಂದಿ ನಗ್ತಾರ” ಎಂದಳು ಅತ್ತೆ. “ನಕ್ಕರ ನಗಲಿ. ನಿನ್ನ ಮುಟ್ಟಿಸೂ ತನಕ ನಾ ಜೀವಂತ ಇರಬೇಕೋ ಬ್ಯಾಡೋ?” ಎಂದ.

ಸಮುದ್ರ ಅವನಿಗೆ ಅಗದಿ ಹಿಡಿಸಿತು. ಹಡಗಿನ ಅಂಚಿಗೆ ನಿಂತು, “ನಮ್ಮ ಎರಿಹೊಲಾ ಇದ್ದಂಗ ಐತಲ್ಲ ಯವ್ವಾ! ಒಂದ ಬದುವಿಲ್ಲ. ಇಲ್ಲಿ ಯಾರನ್ನಾರ ಕಳಿಸಿದ್ರ ಸಂಜೀತನಾ ಕಾಣ್ತಾರ ನೋಡು” ಎಂದು ಹಿಗ್ಗಿದ. ಅರ್ಧ ಹಡಗು ವಾಂತಿ ಮಾಡಿಕೊಂಡು ಮಲಗಿದ್ದರೆ ಇವನು ಎಲ್ಲರ ತಲೆದೆಸೆಗೆ ಹೋಗಿ ಲಿಂಬೆಕಾಯಿ ಮೂಸಿಸುತ್ತಿದ್ದ. ಮೂರು ದಿನದಲ್ಲಿ ಹಜಾರದವರೆಲ್ಲ ಅವನಿಗೆ ಬಂಧುಬಳಗವಾದರು. ಪಂಜಾಬಿನ ಸರದಾರ ಮೆಕ್ಯಾನಿಕ್ಕು ತಮ್ಮ, ಅಡುಗೆಮನೆಯ ಮಲಯಾಳಿ ಅಳಿಯ.

ಎಲ್ಲರಿಗಿಂತ ಗಟ್ಟಿ ಗೆಳೆಯನೆಂದರೆ ತಂಜಾವೂರು ಕಡೆಯ ಒಬ್ಬ ಅಜ್ಜ. ದಾರಿಯಲ್ಲಿ ಸಿಗುವ ಮಲೇಶಿಯಾದ ಪಿನಾಂಗಿನಲ್ಲಿದ್ದ ಮೊಮ್ಮಗನ ಮನೆಗೆ ಒಬ್ಬನೇ ಹೊರಟಿದ್ದ. ಗಂಟೆ ಬಾರಿಸಿದಾಗ ಪಂಕ್ತಿ ಪ್ರಕಾರ ಊಟಕ್ಕೆ ಹೋಗಬೇಕು; ಮುಂಜಾನೆ ಅನ್ನ, ಮಧ್ಯಾಹ್ನ ಅನ್ನ, ಸಂಜೆಗೂ ಅನ್ನ! ಕಾಕಾ ಗಂಟಿನಿಂದ ಕಟಕರೊಟ್ಟಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದ. ಹಲ್ಲಿಲ್ಲದ ಅಜ್ಜ ಆ ರೊಟ್ಟಿಯನ್ನು ಸಾಂಬಾರಿನಲ್ಲಿ ಅರ್ಧ ತಾಸು ನೆನೆಸಿ, ಕಣ್ಣು ಮುಚ್ಚಿ ತಿನ್ನುತ್ತಿದ್ದ. ಕಾಕಾನಿಗೆ ತಮಿಳು ಬಾರದು, ಅಜ್ಜನಿಗೆ ಕನ್ನಡ ತಿಳಿಯದು. ಆದರೂ ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. “ಏನಂತಾರ ಕಾಕಾ ಅಜ್ಜಾರು?” ಎಂದರೆ, “ಅವರ ಕಡೆನೂ ಈ ವರ್ಷ ಮಳಿ ಕಡಿಮಿಯಂತ” ಎಂದ. ಅಜ್ಜ ಹೇಳುತ್ತಿದ್ದದ್ದು ತನ್ನ ಮೊಣಕಾಲು ನೋವಿನ ವಿಷಯ ಎಂದು ಪಕ್ಕದ ಅಟ್ಟದ ಹೆಂಗಸು ಆಮೇಲೆ ನನಗೆ ತಿಳಿಸಿದಳು.

ಸಂಜೆಯ ಊಟ ಮುಗಿದ ಮೇಲೆ ಕಾಕಾ ಅಜ್ಜನನ್ನು ಅವನ ಅಟ್ಟದ ತನಕ ಕಳಿಸಲು ಹೋಗುತ್ತಿದ್ದ. ಅಜ್ಜನೂ ನಯವಂತ, ಇವನನ್ನು ಕಳಿಸಲು ನಮ್ಮ ಅಟ್ಟದ ತನಕ ಬರುತ್ತಿದ್ದ. ಬಂದವನನ್ನು ಒಬ್ಬನೇ ಕಳಿಸುವುದು ಹೇಗೆ? ಕಾಕಾ ಮತ್ತೆ ಹೊರಡುತ್ತಿದ್ದ. ಕೋಲೂರುವ ಅಜ್ಜ, ಕಿತ್ತಳೆ ಜಾಕೀಟಿನ ಕಾಕಾ, ತೂಗುವ ಹಡಗಿನಲ್ಲಿ ಒಬ್ಬರ ತೋಳು ಒಬ್ಬರು ಹಿಡಿದು ಈ ತುದಿಯಿಂದ ಆ ತುದಿಗೆ! ನಾಲ್ಕನೆಯ ದಿನ ಸರದಾರ ಬೇಸತ್ತು ಇಬ್ಬರನ್ನೂ ನಡುದಾರಿಯಲ್ಲಿ ತಡೆದು, ತಾನು ಒಬ್ಬೊಬ್ಬರನ್ನೇ ಅವರವರ ಜಾಗಕ್ಕೆ ಬಿಟ್ಟು ಬಂದ. ಅಲ್ಲಿಂದ ಮುಂದೆ ದಿನವೂ ಅವನಿಗೆ ಅದೇ ಕೆಲಸವಾಯಿತು.

ಪಿನಾಂಗು ಬಂತು. ಹಡಗು ಅಲ್ಲಿ ಕೆಲವೇ ತಾಸು ನಿಲ್ಲುವುದು. ಕಾಕಾ ಅಜ್ಜನ ಟ್ರಂಕು ಹೊತ್ತು ಇಳಿದ. ಜಾಕೀಟು ನೋಡಿ ಬಂದರಿನ ಕೆಲಸದವನೆಂದುಕೊಂಡರೋ ಏನೋ, ಯಾರೂ ತಡೆಯಲಿಲ್ಲ. ಮೇಲಿನಿಂದ ನಾನೂ ಅತ್ತೆಯೂ ನೋಡುತ್ತಿದ್ದೆವು. ಮೊಮ್ಮಗ ಬಂದ, ಟ್ರಂಕು ಕಾರಿಗೆ ಏರಿತು, ಅಜ್ಜ ಒಳಗೆ ಕುಳಿತ. ಆದರೆ ಕಾರು ಚಾಲೂ ಆಗಲಿಲ್ಲ! ಹಡಗು ಒಮ್ಮೆ ಕೂಗಿತು. ಕಾರು ಕಣ್ಮರೆಯಾಗದೆ ಕಾಕಾ ಹೊರಡುವಂತಿಲ್ಲ, ಕಾರು ಅಲುಗುವಂತಿಲ್ಲ. ಹಡಗು ಇನ್ನೊಮ್ಮೆ ಕೂಗಿತು. ನೋಡುತ್ತೇನೆ, ಕಾಕಾ ಕಾರು ದಬ್ಬುತ್ತಿದ್ದಾನೆ!

“ಯಪ್ಪಾ ಶಿವನ!” ಎಂದು ಅತ್ತೆ ತನ್ನ ಗಂಟು ಎತ್ತಿಕೊಂಡಳು. “ಅಂವ ಇಲ್ಲೇ ಉಳದ್ರ ನಾನೂ ಇಳೀತೀನಿ.”

“ಅತ್ತಿ, ಅಲ್ಲಿ ನಿನ್ನ ಮಗಳಿಗೆ ದಿನಾ ತುಂಬ್ಯಾವು!”

“ಗೊತ್ತೈತಿ ಬಿಡ! ಮಗಳ ಕಡೆ ಹೋಗಲೋ, ತಮ್ಮನ ಕಡೆ ಹೋಗಲೋ? ನೀನ ಹೇಳು!” ಎಂದು ಅತ್ತೆ ಇಳಿಯುವ ಮೆಟ್ಟಿಲಿನ ಬಾಯಲ್ಲಿ ನಿಂತು ಅತ್ತೇಬಿಟ್ಟಳು.

ಅಷ್ಟರಲ್ಲಿ ಕಾರು ಕೆಮ್ಮಿ ಹೊರಟಿತು. ತಿರುವಿನಲ್ಲಿ ಅದು ಮರೆಯಾಗುವ ತನಕ ಕಾಕಾ ನಿಂತ. ಹೌದು, ಆಗಲೂ ನಿಂತ! ಆಮೇಲೆ ಒಂದು ಕೈಯಲ್ಲಿ ಧೋತರ ಹಿಡಿದು ಓಡಿ ಬಂದ. ಮೆಟ್ಟಿಲು ಎತ್ತಲು ಹೊರಟಿದ್ದ ಖಲಾಸಿಗಳು ದೂರದಿಂದ ಓಡಿಬರುವ ಕಿತ್ತಳೆ ಜಾಕೀಟು ಕಂಡು ಕೈ ತಡೆದರು. ಆ ಜಾಕೀಟು ಕೊನೆಗೂ ಜೀವ ಉಳಿಸಿತು ಅನ್ನಿ. ಏದುಸಿರು ಬಿಡುತ್ತ ಕಾಕಾ ಆಡಿದ ಮೊದಲ ಮಾತು: “ಅಜ್ಜ ತಿರುಗಿ ನೋಡಿದ, ಅಕ್ಕಾ!”

ಅತ್ತೆ ಒಂದು ದಿನ ಅವನ ಜೊತೆ ಮಾತಾಡಲಿಲ್ಲ.

ಸಿಂಗಾಪುರದಲ್ಲಿ ಎರಡು ದಿನ ಮಗಳ ಮನೆಯಲ್ಲಿದ್ದೆವು. ಹೆರಿಗೆಗೆ ಇನ್ನೂ ವಾರವಿತ್ತು. ಅಳಿಯ ಕೆಲಸಕ್ಕೆ ಹೊರಟರೆ ಕಾಕಾ ಲಿಫ್ಟಿನ ತನಕ ಕಳಿಸಲು ಹೋಗುತ್ತಿದ್ದ. ಹೋದವರು ತಿರುಗಿ ನೋಡುವ ಮೊದಲೇ ಬಾಗಿಲು ಮುಚ್ಚಿಕೊಳ್ಳುತ್ತದೆಂದು ಲಿಫ್ಟಿನ ಮೇಲೆ ಅವನಿಗೆ ಭಾರೀ ಸಿಟ್ಟು. ಮೂರನೆಯ ದಿನ ಅದೇ ಹಡಗಿಗೆ ನಾವಿಬ್ಬರೂ ವಾಪಸು ಹೊರಟೆವು. ಮಗಳ ಬಳಿ ನೆರೆಮನೆಯವಳನ್ನು ಕೂರಿಸಿ ಅತ್ತೆ ಅಳಿಯನ ಜೊತೆ ಬಂದರಿಗೆ ಬಂದಳು.

ಅಲ್ಲಿ ಶುರುವಾಯಿತು ಕಾಕಾನ ಪಜೀತಿ. “ನೀ ಮೊದಲ ಹೋಗ ಬೇ ಅಕ್ಕಾ. ಕಳಿಸಾಕ ಬಂದಾಂವ ನಾನು.”

“ಇವತ್ತ ಹೋಗಾಂವ ನೀನು, ಕಳಿಸಾಕಿ ನಾನು. ಏರು ಮ್ಯಾಲೆ.”

ಕಾಕಾ ಟಾವೆಲ್ಲು ಹೆಗಲಿನಿಂದ ಹೆಗಲಿಗೆ ಬದಲಿಸಿದ. ಜನ್ಮದಲ್ಲಿ ಅವನನ್ನು ಯಾರೂ ಹೀಗೆ ಕಳಿಸಿ ಗೆದ್ದಿರಲಿಲ್ಲ. ಅತ್ತೆ ಅವನ ಕೈ ಹಿಡಿದುಕೊಂಡಳು.

“ತಮ್ಮಾ, ನನ್ನ ಲಗ್ನಾ ಮಾಡಿ ಕಳಿಸಿದ ದಿನಾ ನೆನಪೈತೇನು?”

“ಅದ್ಯಾಕ ಬಿಡ ಈಗ” ಎಂದು ಕಾಕಾ ಮುಖ ತಿರುಗಿಸಿದ.

ಈ ಕಥೆಯನ್ನು ಅಪ್ಪನ ಬಾಯಲ್ಲಿ ನಾನೂ ಅಷ್ಟಿಷ್ಟು ಕೇಳಿದ್ದೆ. ಅತ್ತೆಗೆ ಆಗ ಹದಿಮೂರು, ಕಾಕಾನಿಗೆ ಏಳು. ಹುಡುಗ ರಂಪ ಮಾಡುತ್ತಾನೆಂದು ಅವನು ಮಲಗಿದ್ದಾಗಲೇ ಅವಳನ್ನು ಮುಚ್ಚಿದ ಸವಾರಿ ಗಾಡಿಯಲ್ಲಿ ಕೂರಿಸಿ ಕಳಿಸಿದರು. ಎದ್ದವನು ಗಾಡಿಯ ಜಾಡು ಹಿಡಿದು ಬೆಣ್ಣಿಹಳ್ಳದ ತನಕ ಓಡಿದ. ಗಾಡಿ ಹಳ್ಳ ದಾಟಿ ಹೋಗಿತ್ತು. ನೀರಿನ ಸೆಳವಿಗೆ ಹೆದರಿ ಇವನು ಈಚೆ ದಂಡೆಯಲ್ಲಿ ಸಂಜೆಯ ತನಕ ಕುಳಿತಿದ್ದ.

“ಗಾಡಿ ಪಡದಿ ಸರಿಸಿ ನಾ ತಿರುಗಿ ನೋಡಿದ್ನೋ” ಎಂದಳು ಅತ್ತೆ. “ನೀ ಆ ದಂಡಿಗೆ ಒಬ್ಬನ ನಿಂತಿದ್ದಿ. ಗಾಡಿ ನಿಲ್ಲಸ್ರಿ ಅಂದ್ನಿ. ಹೊಸಾ ಸೊಸಿ ಮಾತ ಯಾರ ಕೇಳ್ತಾರ? ನೀ ಕಾಣದಂಗ ಆಗೂ ತನಕ ನೋಡಿಕೋತನ ಹೋದ್ನಿ.”

ಕಾಕಾ ಕೂಸಿನ ಹಾಗೆ ಅವಳ ಮುಖವನ್ನೇ ನೋಡಿದ. “ನೋಡಿದ್ದೇನ್ ಬೇ ಅಕ್ಕಾ? ಖರೇನ?”

“ನಿನ್ನ ಆಣಿ.”

“ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?”

“ನೀ ಯಾವಾಗ ಕೇಳಿದಿ?”

ಹಡಗು ಕೂಗಿತು. ನಾನೇ ಕಾಕಾನ ತೋಳು ಹಿಡಿದು ಮೇಲೆ ಕರೆದುಕೊಂಡು ಬಂದೆ. ಅವನು ಅಂಚಿನ ಸರಳು ಹಿಡಿದು ನಿಂತ, ಬಿಟ್ಟ, ಮತ್ತೆ ಹಿಡಿದ. “ಹೋಗೋರು ಏನ್ ಮಾಡ್ತಾರವಾ? ನನಗ ಗೊತ್ತಿಲ್ಲ” ಎಂದ. “ತಿರುಗಿ ನೋಡ್ತಾರ ಕಾಕಾ” ಎಂದೆ.

ಅತ್ತೆಯ ಹಸಿರು ಇಳಕಲ್ ಸೀರೆ ಸಣ್ಣದಾಗುತ್ತ ಹೋಯಿತು. ಆಮೇಲೆ ಬಂದರೂ ಕಾಣಲಿಲ್ಲ, ಊರೂ ಕಾಣಲಿಲ್ಲ, ಬರೀ ನೀರು. ಈಗ ಆ ಹಡಗೂ ಇಲ್ಲ, ಕಾಕಾನೂ ಇಲ್ಲ. ಆದರೆ ಅವನು ಅಂದು ನಿಂತಿದ್ದ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಊಟದ ಗಂಟೆ ಬಾರಿಸಿದಾಗ ನಾನು ಅವನ ಭುಜ ಮುಟ್ಟಿ, “ಬಾ ಕಾಕಾ, ಇನ್ನೇನ ಕಾಣ್ತೈತಿ?” ಎಂದೆ.

ಕಾಕಾ ಕದಲಲಿಲ್ಲ.

“ಆಕಿ ಇನ್ನಾ ನಿಂತಾಳವಾ” ಎಂದ. “ನಾ ಹೆಂಗ ಮೊದಲ ಹೊಳ್ಳಲಿ?”